ಲಂಡನ್‌ನಲ್ಲಿ ಆಫೀಸ್ ಮುಗಿದ್ಮೇಲಿನ ಆ ಒಂದು ಗಂಟೆ

ಅಕ್ಟೋಬರ್‌ನಲ್ಲಿ ಲಂಡನ್‌ಗೆ ಬರ್ತಿದೀನಿ, ರೂಮು ಬ್ಯಾಂಕು ಹೇಗೆ, ಮತ್ತೆ ಬಾರ್ಬಿಕನ್ ಅನ್ನೋ ಕಲಾಕೇಂದ್ರದಲ್ಲಿ ಆಫೀಸ್ ಬಿಟ್ಟೋರಿಗೆ ಅಂತ ಆರ್ಕೆಸ್ಟ್ರಾ ಇರುತ್ತಂತಲ್ಲ, ಸೂಟ್ ಇಲ್ದೆ, ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ದೆ ಹೋಗ್ಬೋದಾ ಅಂತ ಕೇಳಿದೀರ.

ರೂಮು ಕಣ್ಣಾರೆ ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ. ಬ್ಯಾಂಕು ಬಂದ್ಮೇಲೆ ನೋಡ್ಕೊಂಡ್ರಾಯ್ತು.

ಸಂಗೀತ ಕಚೇರಿಗೆ ಧಾರಾಳವಾಗಿ ಹೋಗಿ. ಲಂಡನ್ ಸಿಂಫನಿ ಆರ್ಕೆಸ್ಟ್ರಾದವರು ನಡೆಸೋದು, ಹೆಸರು ಹಾಫ್ ಸಿಕ್ಸ್ ಫಿಕ್ಸ್. ಆರೂವರೆಗೆ ಶುರು, ಹೆಚ್ಚುಕಮ್ಮಿ ಒಂದು ಗಂಟೆ, ಇಂಟರ್ವಲ್ ಇಲ್ಲ. ಆರ್ಕೆಸ್ಟ್ರಾನ ಮುಂದೆ ನಿಂತು ನಡೆಸೋ ಕಂಡಕ್ಟರೇ ಮೈಕ್ ಹಿಡ್ಕೊಂಡು ಈ ಕೃತೀಲಿ ಏನು ಕೇಳ್ಬೇಕು ಅಂತ ಹೇಳ್ತಾರೆ, ಡ್ರಿಂಕ್ಸ್ ಒಳಗೇ ತಗೊಂಡು ಹೋಗ್ಬೋದು, ಆಫೀಸ್ ಬ್ಯಾಗ್ ಕಾಲ ಹತ್ರ ಇಟ್ಕೊಂಡು ಕೂತೋರೇ ಜಾಸ್ತಿ. ಶುರುವಿನಲ್ಲಿ ಓಬೋ ಅನ್ನೋ ಊದೋ ವಾದ್ಯ ಒಂದು ಸ್ವರ ಕೊಡುತ್ತೆ, ಮಿಕ್ಕೋರೆಲ್ಲ ಅದಕ್ಕೆ ಶ್ರುತಿ ಸೇರಿಸ್ತಾರೆ, ನಮ್ಮ ಸಂಗೀತ ಕೇಳಿದೋರಿಗೆ ಅದನ್ನ ಬೇರೆ ಹೇಳ್ಬೇಕಾಗಿಲ್ಲ. ತಾಳ ಮಾತ್ರ ಮನಸ್ಸಲ್ಲೇ ಹಾಕ್ಕೊಳ್ಳಿ, ಭೇಷ್ ಅನ್ನೋದೂ ಬೇಡ. ಚಪ್ಪಾಳೆಗೆ ಬೇರೆಯವರು ಶುರು ಮಾಡೋ ತನಕ ಕಾಯಿರಿ. ಫಿನ್ಲೆಂಡಿನ ಸಂಗೀತ ರಚನೆಕಾರ ಸಿಬೆಲಿಯಸ್‌ನ 5ನೇ ಸಿಂಫನಿ ಕೊನೇಲಿ ಆರು ಹೊಡೆತ ಬರುತ್ತೆ, ನಡುನಡುವೆ ಪೂರ್ತಿ ಮೌನ, ಅಲ್ಲಿ ಹಳಬರೂ ಏಮಾರ್ತಾರೆ.

ನಾನು ಹೇಳ್ಬೇಕು ಅನ್ಕೊಂಡಿದ್ದು ಬೇರೆ. ನವೆಂಬರ್ ಬಂತು ಅಂದ್ರೆ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗೋಕೆ ಶುರು. ಚಳಿಗಾಲಕ್ಕೆ ಅಂತ ಗಡಿಯಾರಾನೂ ಒಂದು ಗಂಟೆ ಹಿಂದೆ ತಿರುಗ್ಸಿರ್ತಾರೆ, ಊರಿಗೂ ಇಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ ಆಗುತ್ತೆ. ನೀವು ಆರಕ್ಕೆ ಆಫೀಸಿಂದ ಹೊರಗೆ ಬಿದ್ದಾಗ ಅಲ್ಲಿ ರಾತ್ರಿ ಹನ್ನೊಂದೂವರೆ. ಮನೇಲಿ ಎಲ್ಲ ಮಲಗಿರ್ತಾರೆ, ಫೋನ್ ಮಾಡಿದ್ರೆ ಗಾಬರಿ ಆಗ್ತಾರೆ. ಮಾತಾಡ್ಬೇಕು ಅನ್ಸೋ ಹೊತ್ತಿಗೆ ಸರಿಯಾಗಿ ಮಾತಾಡೋಕೆ ಯಾರೂ ಇರಲ್ಲ ಅನ್ನೋದನ್ನ ನನಗೆ ಯಾರೂ ಹೇಳಿರಲಿಲ್ಲ. ಮೊದಲ ಚಳಿಗಾಲ ಪೂರ್ತಿ ನಾನು ಟ್ಯೂಬ್ (ಇಲ್ಲಿನ ಮೆಟ್ರೋ) ಹತ್ತಿ ರೂಮಿಗೆ ಹೋಗಿ ಕೋಟ್ ಬಿಚ್ಚದೆ ಹಾಸಿಗೆ ಮೇಲೆ ಕೂತಿರ್ತಿದ್ದೆ, ಒಂದ್ಸಲ ರೂಮು ಸೇರಿದ್ರೆ ಮುಗೀತು, ಆಮೇಲೆ ಯಾವ ದೇವರು ಕರೆದ್ರೂ ಹೊರಗೆ ಬರೋ ಮನಸ್ಸಾಗಲ್ಲ. ಏಳು, ಏಳೂವರೆಗೆ ಶುರುವಾಗಿ ಒಂಬತ್ತೂವರೆ, ಹತ್ತರ ಹೊತ್ತಿಗೆ ಬಿಡೋ ದೊಡ್ಡ ಸಂಗೀತ ಕಚೇರಿಗಳು ಆ ಸ್ಥಿತೀಲಿ ನಮಗಲ್ಲ. ಆರೂವರೆದು ಹಾಗಲ್ಲ, ಆಫೀಸಿಂದ ಸೀದಾ ಹೋಗ್ಬೋದು, ಮನೆ ನೆನಪಾಗೋ ಮುಂಚೆ ಒಳಗೆ ಕೂತಿರ್ತೀರ.

ಜೊತೆಗೆ ಯಾರಾದ್ರೂ ಸಿಗ್ಲಿ ಅಂತ ಕಾಯ್ಬೇಡಿ. ಇಲ್ಲಿ ಸಹೋದ್ಯೋಗಿಗಳು ಒಳ್ಳೆಯವರೇ, ಆದ್ರೆ ನಮ್ಮೋರ ಥರ ನೀನಿಲ್ದೆ ಹೆಂಗೆ, ಬಾರಪ್ಪಾ ಅಂತ ಮೂರು ಸಲ ಎಳೆಯೋದಿಲ್ಲ, ಒಂದ್ಸಲ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ. ಈಗ ನನಗೆ ಗೆಳೆಯರಿದಾರೆ, ಆದ್ರೂ ಇವತ್ತಿಗೂ ಸಂಗೀತ ಮುಗಿದು ಏಳೂವರೆಗೆ ಹೊರಗೆ ಬಂದ ತಕ್ಷಣ ಅಮ್ಮಂಗೆ ಹೇಳ್ಬೇಕು ಅನ್ಸುತ್ತೆ, ಬೆಳಿಗ್ಗೆ ಫೋನ್ ಮಾಡೋ ಹೊತ್ತಿಗೆ ಆ ಬಿಸಿ ಇರಲ್ಲ, ಚೆನ್ನಾಗಿತ್ತಮ್ಮ ಅಂತ ಹೇಳಿ ಬೇರೆ ಮಾತಿಗೆ ಹೋಗ್ತೀನಿ.

ಬಾರ್ಬಿಕನ್ ಕಾಂಕ್ರೀಟ್ ಕಾಡು, ದಾರಿ ತಪ್ಪೇ ತಪ್ಪುತ್ತೆ. ನೆಲದ ಮೇಲೆ ಹಳದಿ ಗೆರೆ ಎಳೆದಿದಾರೆ, ಅದನ್ನ ಹಿಡ್ಕೊಂಡು ಹೋಗಿ. ಮೂರ್‌ಗೇಟ್ ಸ್ಟೇಷನ್ನೂ ಹತ್ರಾನೇ. ಈ ಆರೂವರೆ ಕಾರ್ಯಕ್ರಮಗಳು ದಿನಾ ಇರಲ್ಲ, ಸೀಸನ್‌ಗೆ ಕೆಲವೇ, ಹಾಗಾಗಿ ಬರೋ ಮುಂಚೇನೇ ತಾರೀಖು ನೋಡಿ ಒಂದು ಟಿಕೆಟ್ ತೆಗೆದಿಟ್ಕೊಳ್ಳಿ, ನವೆಂಬರ್‌ದು ಸಿಕ್ಕಿದ್ರೆ ಇನ್ನೂ ಒಳ್ಳೇದು.