ಸಕ್ಯುಲೆಂಟ್ ಗಿಡಗಳಿಗೆ ಕುಂಡ ಮಾಡುವುದನ್ನು ಮನೆಯಲ್ಲೇ ಕಲಿಯಬಹುದೇ? ತಿಗರಿ ಕೊಳ್ಳಬೇಕೇ?

ಎರಡನೆಯ ಮಹಡಿಯ ಬಾಡಿಗೆ ಮನೆ, ಬಾಲ್ಕನಿ ತುಂಬ ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ), ಆನ್‌ಲೈನಿನಲ್ಲಿ ನೋಡಿಟ್ಟಿರುವ ಪುಟ್ಟ ವಿದ್ಯುತ್ ತಿಗರಿ (ಕುಂಬಾರನ ಚಕ್ರ) ಎಂದು ಬರೆದಿದ್ದೀರಿ. ತಿಗರಿಯನ್ನು ಸದ್ಯಕ್ಕೆ ಕೊಳ್ಳಬೇಡಿ. ಕುಂಡ ಮಾಡುವುದನ್ನು ಮನೆಯಲ್ಲಿ ಖಂಡಿತ ಕಲಿಯಬಹುದು, ಸುಡುವುದಕ್ಕೆ ಮಾತ್ರ ಆಗುವುದಿಲ್ಲ. ಆದ್ದರಿಂದ ಸುಟ್ಟುಕೊಡುವವರನ್ನು ಮೊದಲು ಗೊತ್ತುಮಾಡಿಕೊಳ್ಳಿ, ಮಣ್ಣು ಆಮೇಲೆ ತನ್ನಿ.

ಜೇಡಿಮಣ್ಣು ಎಷ್ಟೇ ಒಣಗಿದ್ದರೂ ನೀರು ಬಿದ್ದರೆ ಮತ್ತೆ ಕೆಸರೇ. ಅದರ ಕಣಗಳೊಳಗೆ ರಾಸಾಯನಿಕವಾಗಿ ಸೇರಿಕೊಂಡಿರುವ ನೀರು ಬಿಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಟ್ಟಿದರೆ ಠಣ್ ಎನ್ನುವ ಕುಂಡ ಬೇಕೆಂದರೆ 900ರಿಂದ 1000 ಡಿಗ್ರಿ. ಅಡುಗೆಮನೆಯ ಓವನ್ 250ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಸುಡದೆಯೇ ಗಟ್ಟಿಯಾಗುತ್ತದೆ ಎಂದು ಮಾರುವ ಮಣ್ಣಿನ ಪೊಟ್ಟಣಗಳು ಗೊಂಬೆ ಮಾಡಲು ಸರಿ, ಕುಂಡಕ್ಕಲ್ಲ. ಮೇಲೆ ವಾರ್ನಿಷ್ ಬಳಿದರೂ ತಳದ ತೂತಿನ ಅಂಚಿನಿಂದ ನೀರು ಹೀರಿಕೊಂಡು ಮೆತ್ತಗಾಗುತ್ತವೆ.

ಬೆಂಗಳೂರಿನಲ್ಲಿ ಸುಡಿಸಲು ನನಗೆ ಗೊತ್ತಿರುವ ದಾರಿ ಎರಡು. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ತಲೆಮಾರುಗಳಿಂದ ಇದೇ ಕಸುಬು ಮಾಡುವ ಕುಂಬಾರರ ಮನೆಗಳಿವೆ. ಹೋಗಿ ಮಾತಾಡಿ; ಮಡಕೆ ಸುಡುವ ಗೂಡಿಗೆ, ಅಂದರೆ ಆವಿಗೆಗೆ, ಬೆಂಕಿ ಹಚ್ಚುವ ದಿನ ಯಾವುದು, ತಮ್ಮ ಮಡಕೆಗಳ ಜೊತೆ ನಿಮ್ಮ ನಾಲ್ಕಾರು ಕುಂಡಗಳನ್ನೂ ಇಟ್ಟುಕೊಡುತ್ತಾರೆಯೇ ಎಂದು ವಿಚಾರಿಸಿ. ಗೌರಿ-ಗಣೇಶ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಮಾತ್ರ ಹೋಗಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಗಣಪನ ಕೆಲಸ ಮುಗಿಯುತ್ತಲೇ ದೀಪಾವಳಿಯ ಹಣತೆ ಶುರುವಾಗುತ್ತದೆ. ಎರಡನೆಯ ದಾರಿ, ವಿದ್ಯುತ್ ಕಿಲ್ನ್ (ಮಣ್ಣಿನ ಸಾಮಾನು ಸುಡುವ ಗೂಡು) ಇಟ್ಟುಕೊಂಡಿರುವ ಸೆರಾಮಿಕ್ ಸ್ಟುಡಿಯೋಗಳು. ಕೆಲವರು ಹಣ ತೆಗೆದುಕೊಂಡು ಹೊರಗಿನವರ ಕೆಲಸವನ್ನೂ ಸುಟ್ಟುಕೊಡುತ್ತಾರೆ. ಯಾವ ಮಣ್ಣು ಎಂದು ಅವರು ಕೇಳಿದರೆ ಮುಚ್ಚುಮರೆ ಮಾಡಬೇಡಿ. ಸಾಧಾರಣ ಕೆಂಪು ಮಣ್ಣಿನ ಕುಂಡವನ್ನು 1200 ಡಿಗ್ರಿ ಮುಟ್ಟುವ ಸರಕಿನ ಜೊತೆ ಇಟ್ಟರೆ ಅದು ಸೊಟ್ಟಗಾಗಿ, ಕರಗಿ, ಕಿಲ್ನ್‌ನ ಹಲಗೆಗೇ ಅಂಟಿಕೊಳ್ಳುತ್ತದೆ.

ಮಣ್ಣನ್ನೂ ಸುಡುವವರ ಬಳಿಯೇ ಕೊಂಡರೆ ಈ ತಾಪತ್ರಯ ಇರುವುದಿಲ್ಲ. ಪಾಯ ತೋಡಿದ ಸೈಟಿನಿಂದ ಕೆಂಪು ಮಣ್ಣು ಹೊತ್ತು ತರುವ ಯೋಚನೆ ಬೇಡ. ಅದರಲ್ಲಿ ಮರಳು ಹೆಚ್ಚು. ಬೆರಳು ಗಾತ್ರದ ಬತ್ತಿ ಹೊಸೆದು ಹೆಬ್ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಡದೆ ಬಾಗಿದರೆ ಅದು ಕುಂಡದ ಮಣ್ಣು.

ಇನ್ನು ತಿಗರಿ ಏಕೆ ಬೇಡ ಎಂಬುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ವರುಷದಲ್ಲಿ ಬಹುಪಾಲು ತಿರುಗುವ ಮಣ್ಣನ್ನು ನಡುವಿಗೆ ತಂದು ನಿಲ್ಲಿಸುವುದಕ್ಕೇ ಹೋಗುತ್ತದೆ. ಜೊತೆಗೆ ಬಾಲ್ಕನಿಯ ಗೋಡೆಯೆಲ್ಲ ಕೆಸರು, ಕೆಳಗಿನ ಮನೆಯವರಿಂದ ಮಾತು. ಸಕ್ಯುಲೆಂಟಿಗೆ ಬೇಕಾದದ್ದು ಗಿಡ್ಡನೆಯ, ಬಾಯಿ ಅಗಲವಾದ ಪುಟ್ಟ ಕುಂಡ. ಅದಕ್ಕೆ ಕೈಬೆರಳೇ ಸಾಕು.

ಮೊದಲು ಮಣ್ಣನ್ನು ಚೆನ್ನಾಗಿ ನಾದಬೇಕು. ಚಪಾತಿ ಹಿಟ್ಟಿನಂತೆ ಮಡಚಿ ಮಡಚಿ ಅಲ್ಲ, ಹಾಗೆ ಮಾಡಿದರೆ ಗಾಳಿ ಒಳಗೆ ಸೇರುತ್ತದೆ. ಅಂಗೈಯಿಂದ ಮುಂದಕ್ಕೆ ಒತ್ತುತ್ತಾ ಉರುಳಿಸಬೇಕು. ಮೂಸಂಬಿ ಗಾತ್ರದ ಉಂಡೆ ಮಾಡಿ ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳನ್ನು ನಡುವಿಗೆ ಇಳಿಸಿ. ತಳ ಒಂದು ಸೆಂಟಿಮೀಟರ್ ಉಳಿಯುವಾಗ ನಿಲ್ಲಿಸಿ. ಆಮೇಲೆ ಉಂಡೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಒಳಗೆ ಹೆಬ್ಬೆರಳು, ಹೊರಗೆ ಉಳಿದ ಬೆರಳುಗಳಿಂದ ಚಿವುಟುತ್ತಾ ತಳದಿಂದ ಮೇಲಕ್ಕೆ ಬನ್ನಿ. ಎಲ್ಲ ಕಡೆ ದಪ್ಪ ಒಂದೇ ಇರಬೇಕು. 6–8 ಮಿಲಿಮೀಟರ್ ಇದ್ದರೆ ಚೆನ್ನ. ಬಾಯಿಯ ಅಂಚಿನಲ್ಲಿ ಸಣ್ಣ ಸೀಳು ಕಾಣಿಸಿದ ಕೂಡಲೇ ಒದ್ದೆ ಬೆರಳಿನಿಂದ ತೀಡಿ. ಬಿಟ್ಟರೆ ಒಣಗುವಾಗ ಅದೇ ಬಿರುಕಾಗಿ ಕೆಳಗಿಳಿಯುತ್ತದೆ.

ತೂತನ್ನು ಆಗಲೇ ಕೊರೆಯಬೇಡಿ, ಆಕಾರ ಕೆಡುತ್ತದೆ. ಕುಂಡ ಅರೆಬರೆ ಒಣಗಿ, ಒತ್ತಿದರೆ ಬಗ್ಗದೆ, ಉಗುರಿನಿಂದ ಗೀರಿದರೆ ಗುರುತು ಬೀಳುವ ಹದಕ್ಕೆ ಬಂದಾಗ ಹಳೆಯ ಪೆನ್ನಿನ ಕೊಳವೆಯಿಂದ ಕೊರೆದು, ಒಂದು ಸೆಂಟಿಮೀಟರಿಗಿಂತ ಕಡಿಮೆಯಾಗದಂತೆ ಅಗಲಿಸಿ. ಅದೇ ಹದದಲ್ಲಿ ತಳಕ್ಕೆ ಮೂರು ಪುಟ್ಟ ಕಾಲುಗಳನ್ನೂ ಅಂಟಿಸಿ: ಎರಡೂ ಕಡೆ ಗೀರು ಹಾಕಿ, ನೀರಿನಲ್ಲಿ ಕದಡಿದ ಮಣ್ಣು ಬಳಿದು ಒತ್ತಬೇಕು. ಈ ಕಾಲುಗಳನ್ನು ಅಲಂಕಾರವೆಂದು ಬಿಟ್ಟುಬಿಡಬೇಡಿ. ಬಾಲ್ಕನಿಯ ಟೈಲ್ಸಿಗೆ ತಳ ಅಂಟಿ ಕುಳಿತರೆ ತೂತು ಇದ್ದೂ ಇಲ್ಲದಂತೆ, ಬೇರು ಕೊಳೆಯುವುದು ಅಲ್ಲಿಂದಲೇ.

ಒಣಗಿಸುವಾಗ ಅವಸರ ಬೇಡ. ಮಾರ್ಚ್‌, ಏಪ್ರಿಲ್‌ನ ಒಣ ಗಾಳಿಗೆ ಅಂಚು ಮೊದಲು ಒಣಗಿ, ತಳ ಹಸಿಯಾಗಿಯೇ ಉಳಿದು ಕುಂಡ ಸೀಳುತ್ತದೆ. ತೆಳು ಪ್ಲಾಸ್ಟಿಕ್ ಹೊದಿಸಿ ನೆರಳಿನಲ್ಲಿಡಿ. ಮಳೆಗಾಲದಲ್ಲಿ ಸಮಸ್ಯೆ ತಿರುಗುಮುರುಗು, ಒಣಗುವುದೇ ಇಲ್ಲ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ. ಗಾಳಿಗುಳ್ಳೆಯಿಂದ ಮಡಕೆ ಸಿಡಿಯುತ್ತದೆ ಎಂದು ಹಲವರು ಹೇಳುತ್ತಾರೆ. ಸಿಡಿಸುವುದು ಉಳಿದುಕೊಂಡ ನೀರು, ಅದು ಆವಿಯಾಗಿ ಹೊರಬರಲು ದಾರಿ ಸಿಗದಿದ್ದಾಗ. ಒಬ್ಬರ ಹಸಿ ಕುಂಡ ಸಿಡಿದರೆ ಪಕ್ಕದವರ ಸಾಮಾನಿಗೂ ಪೆಟ್ಟು, ಅದಕ್ಕೇ ಪೂರ್ತಿ ಒಣಗಿರಬೇಕು ಎಂಬ ವಿಷಯದಲ್ಲಿ ಸುಡುವವರು ಕಟ್ಟುನಿಟ್ಟು.

ಒಣಗಿ ಸುಟ್ಟಾಗ ಮಣ್ಣು ಕುಗ್ಗುತ್ತದೆ, ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸು. ನಿಮ್ಮ ಮಣ್ಣಿನ ಲೆಕ್ಕ ತಿಳಿಯಲು ಅದೇ ಮಣ್ಣಿನಿಂದ ಉದ್ದನೆಯ ಚಪ್ಪಟೆ ತುಂಡೊಂದನ್ನು ಮಾಡಿ, ಹಸಿಯಿರುವಾಗಲೇ 10 ಸೆಂಟಿಮೀಟರ್ ಗೆರೆ ಎಳೆದು, ಕುಂಡಗಳ ಜೊತೆ ಸುಡಿಸಿ ಅಳೆಯಿರಿ.

ಹೊಳಪಿನ ಗ್ಲೇಜ್ (ಗಾಜಿನಂಥ ಲೇಪ) ಬೇಕೇ ಎಂದೂ ಕೇಳಿದ್ದೀರಿ. ನನ್ನ ಮಟ್ಟಿಗೆ ಬೇಡ. ಬರಿಯ ಸುಟ್ಟ ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ, ಸಕ್ಯುಲೆಂಟಿಗೆ ಬೇಕಾದದ್ದೇ ಅದು. ಬೋರ್‌ವೆಲ್ ನೀರು ಹಾಕುವ ಮನೆಯಾದರೆ ಹೊರಮೈಯಲ್ಲಿ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಅದು ನೀರಿನ ಲವಣ, ಬ್ರಷ್ಷಿನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ತಳಕ್ಕೆ ಜಲ್ಲಿ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ; ದಪ್ಪ ಮರಳನ್ನು ಗಿಡ ನೆಡುವ ಮಣ್ಣಿಗೇ ಬೆರೆಸಿ. ಕೈ, ಪಾತ್ರೆ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ, ಜೇಡಿ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು ಮೇಲಿನ ನೀರು ಚೆಲ್ಲಿ, ತಳದ ಮಣ್ಣನ್ನು ಮತ್ತೆ ಬಳಸಬಹುದು. ಒಣಗಿದ ಪುಡಿಯನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಅದರಲ್ಲಿನ ಸಿಲಿಕಾ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.