ಒಮ್ಮೆ ಮುಟ್ಟಿ, ಕೈ ತೆಗೆಯಿರಿ

ಪ್ರಶ್ನೆ: ನನ್ನ ಇ-ಬುಕ್ ರೀಡರ್‌ನಲ್ಲಿ ಪುಟ ತಿರುಗಿಸಲು ಮುಟ್ಟಿದರೆ ಒಮ್ಮೊಮ್ಮೆ ಏನೂ ಆಗುವುದಿಲ್ಲ, ಒಮ್ಮೊಮ್ಮೆ ಎರಡು ಪುಟ ಹಾರುತ್ತದೆ. ಟಚ್ ಹೋಗಿದೆ, ಸ್ಕ್ರೀನ್ ಬದಲಿಸಿ ಎನ್ನುತ್ತಾರೆ ರಿಪೇರಿಯವರು. ಬದಲಿಸಲೇ?

ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ, ಪ್ರತಿ ಸಲವೂ ಯಾರೋ ಒಬ್ಬರು ಪರೀಕ್ಷಿಸದೆಯೇ ಸ್ಕ್ರೀನ್ ಬದಲಿಸಿ ಅಂದಿರುತ್ತಾರೆ. ಎಷ್ಟೋ ರೀಡರ್‌ಗಳ ಪರದೆಯೊಳಗಿರುವುದು ತೆಳು ಗಾಜು. ಕೈ ತಪ್ಪಿದರೆ ಬಿಚ್ಚುವಾಗಲೇ ಬಿರುಕು ಬಿಡುತ್ತದೆ.

ಎರಡು ಪುಟ ಹಾರುವುದು ಹೆಚ್ಚಾಗಿ ಅವಸರದಿಂದ. ಇ-ಇಂಕ್ ಪರದೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿವೆ. ಅವುಗಳ ದ್ರವದಲ್ಲಿ ತೇಲುವ ಕಪ್ಪು, ಬಿಳಿ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಸರಿದರೇ ಅಕ್ಷರ ಮೂಡುವುದು. ಪುಟ ಪೂರ್ತಿ ಬದಲಾಗಲು ಅರ್ಧ ಸೆಕೆಂಡಿನ ಆಸುಪಾಸು ಬೇಕು. ಚಳಿಯಲ್ಲಿ ದ್ರವ ಮಂದವಾಗಿ ಇನ್ನೂ ತಡ. ಟಚ್ ನಿಮ್ಮ ಬೆರಳನ್ನು ಆಗಲೇ ಗುರುತಿಸಿರುತ್ತದೆ, ಪುಟ ಮಾತ್ರ ಬಂದಿರುವುದಿಲ್ಲ. ಅಷ್ಟರಲ್ಲಿ ನೀವು ಮತ್ತೊಮ್ಮೆ ಒತ್ತಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಮುಟ್ಟಿ, ಕೈ ತೆಗೆದು ನೋಡಿ. ತಡವಾದರೂ ಒಂದೇ ಪುಟ ತಿರುಗಿದರೆ ಟಚ್‌ಗೆ ಏನೂ ಆಗಿಲ್ಲ.

ಏನೂ ಆಗದಿರುವುದು ಬೇರೆ ವಿಷಯ. ಪೆನ್ಸಿಲ್ಲಿನ ಹಿಂಬದಿಯ ರಬ್ಬರಿನಿಂದ ಮೆಲ್ಲಗೆ ಮುಟ್ಟಿ. ಪುಟ ತಿರುಗಿದರೆ ಅದು ಇನ್‌ಫ್ರಾರೆಡ್ ಟಚ್. 2011ರ ಕಿಂಡಲ್ ಟಚ್, ನೂಕ್ ಸಿಂಪಲ್ ಟಚ್ ಈ ಬಗೆಯವು. ಅಂಚಿನ ಒಳಗಿನಿಂದ ಹೊರಟ ಕಿರಣಗಳು ಪರದೆಯ ಮೇಲೆ ಅಡ್ಡಲಾಗಿ ಹಾಯುತ್ತಿರುತ್ತವೆ, ಅವನ್ನು ತಡೆದದ್ದೆಲ್ಲ ಅದರ ಲೆಕ್ಕದಲ್ಲಿ ಬೆರಳೇ. ಮೂಲೆಯಲ್ಲಿ ಕೂತ ನೂಲಿನ ಎಳೆ ಸಾಕು, ಒಂದು ಪಟ್ಟಿಯುದ್ದಕ್ಕೂ ಟಚ್ ಸತ್ತಂತಾಗುತ್ತದೆ, ಇಲ್ಲವೇ ಪುಟ ತಾನಾಗಿ ತಿರುಗುತ್ತದೆ. ಆಫ್ ಮಾಡಿ, ಒಣಗಿದ ಮೆತ್ತನೆಯ ಬ್ರಷ್‌ನಿಂದ ನಾಲ್ಕೂ ಅಂಚಿನ ಸಂದು ಗುಡಿಸಿ. ದಯವಿಟ್ಟು ಪಿನ್ನು, ಸೂಜಿ ಹಾಕಬೇಡಿ.

ರಬ್ಬರಿಗೆ ಜಗ್ಗದಿದ್ದರೆ ಅದು ಕೆಪ್ಯಾಸಿಟಿವ್, ಅಂದರೆ ಬೆರಳು ಮುಟ್ಟಿದಾಗ ಆಗುವ ವಿದ್ಯುತ್ತಿನ ಬದಲಾವಣೆಯನ್ನು ಗುರುತಿಸುವಂಥದ್ದು. 2012ರ ಕಿಂಡಲ್ ಪೇಪರ್‌ವೈಟ್‌ನಲ್ಲಿರುವುದು ಇದೇ. ಇದಕ್ಕೆ ನೀರಹನಿ, ಒದ್ದೆ ಬೆರಳು, ದಪ್ಪ ಸ್ಕ್ರೀನ್ ಗಾರ್ಡ್ ಆಗದು. ಒರೆಸಿ, ಗಾರ್ಡ್ ಕಿತ್ತು ಮತ್ತೆ ನೋಡಿ.

ಮೊನ್ನೆ ಮೊನ್ನೆ ನೂರಾರು ಪುಸ್ತಕ ಒಟ್ಟಿಗೆ ತುಂಬಿದ್ದೀರಾ? ಹಾಗಾದರೆ ರೀಡರ್ ಒಳಗೆ ಇಂಡೆಕ್ಸ್ ಮಾಡುತ್ತಿರಬಹುದು, ಅಂದರೆ ಆಮೇಲೆ ಹುಡುಕಲೆಂದು ಪುಸ್ತಕಗಳ ಪದಗಳನ್ನು ಪಟ್ಟಿ ಮಾಡುತ್ತಾ ನಿಧಾನವಾಗಿರಬಹುದು. ರಾತ್ರಿ ಚಾರ್ಜಿಗೆ ಹಾಕಿ ಬಿಡಿ. ಇಷ್ಟಾದ ಮೇಲೂ ಸರಿಹೋಗದಿದ್ದರೆ ಮಾತ್ರ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವ ರೀಸೆಟ್, ಅದೂ ನೀವು ಹಾಕಿಕೊಂಡ ಗುರುತು, ಟಿಪ್ಪಣಿಗಳನ್ನು ಬೇರೆಡೆ ಉಳಿಸಿಕೊಂಡು. ಎಲ್ಲಕ್ಕೂ ಮೊದಲು ರೀಸೆಟ್ ಎನ್ನುವವರ ಮಾತು ಕೇಳಿ ವರ್ಷಗಳ ಟಿಪ್ಪಣಿ ಕಳೆದುಕೊಂಡವರನ್ನು ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ಗೀರಿಗೆ ಟೂತ್‌ಪೇಸ್ಟ್ ಹಚ್ಚಬಹುದೇ?

ಖಂಡಿತ ಬೇಡ. ಅದರಲ್ಲಿರುವ ಉಜ್ಜುವ ಪುಡಿಗೆ ಪರದೆಯ ಮ್ಯಾಟ್ ಮೇಲ್ಮೈ ಹಾಳಾಗುತ್ತದೆ.

ಪ್ರಶ್ನೆ: ಟಚ್ ವೇಗ ಹೆಚ್ಚಿಸುವ ಆ್ಯಪ್ ಕೊಳ್ಳಲೇ?

ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಬಹಳ ನಿಧಾನ, ಯಾಕೆ?

ಅಲ್ಲಿ ಪ್ರತಿ ಪುಟವೂ ಒಂದು ದೊಡ್ಡ ಚಿತ್ರ. ಚಿತ್ರದ ಬದಲು ಅಕ್ಷರಗಳಾಗಿಯೇ ಇರುವ ಇಪಬ್ ಫೈಲ್ ಸಿಕ್ಕರೆ ಅದನ್ನೇ ಓದಿ.