ಅರ ಬಿಡಿಸಿ ಸಿಎನ್‌ಸಿ ಕಲಿಸಿ ಎನ್ನುವವರಿಗೆ

ನಮಸ್ಕಾರ. ಸರ್ಕಾರಿ ಐಟಿಐಗಳು (ಕೈಗಾರಿಕಾ ತರಬೇತಿ ಸಂಸ್ಥೆಗಳು) ಇಂದಿನ ಕಾರ್ಖಾನೆಗೆ ತಕ್ಕಂತೆ ಬದಲಾಗಬೇಕೆಂಬ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಳಜಿ ನಿಜವಾದದ್ದು. ಆದರೆ ಎರಡು ವಾಕ್ಯಗಳು ನನ್ನನ್ನು ತಡೆದು ನಿಲ್ಲಿಸಿದವು. ಉಳಿದದ್ದರ ಮಾತು ಈಗ ಬೇಡ.

ಮೊದಲನೆಯದು: ‘ಅರ ಹಿಡಿದು ಕಬ್ಬಿಣ ಉಜ್ಜಿಸುವ ಹಳೇ ಪಾಠಗಳನ್ನು ಕೈಬಿಟ್ಟು ನೇರವಾಗಿ ಸಿಎನ್‌ಸಿ ಕಲಿಸಬೇಕು.’

ಸಿಎನ್‌ಸಿ ಎಂದರೆ ಕಂಪ್ಯೂಟರಿಗೆ ಕೊಟ್ಟ ಅಳತೆಯಂತೆ ಲೋಹ ಕತ್ತರಿಸುವ ಯಂತ್ರ. ಓದಿ ಸಿಟ್ಟೇ ಬಂತು. ಫಿಟ್ಟರ್ ಟ್ರೇಡಿನ ಹುಡುಗ ಎಂಎಸ್ ಫ್ಲಾಟನ್ನು (ಮೆದು ಉಕ್ಕಿನ ಪಟ್ಟಿ) ವೈಸಿಗೆ ಕಟ್ಟಿ ಫೈಲು, ಅಂದರೆ ಅರ, ಹಾಕುವಾಗ ಕಲಿಯುವುದು ಬರೀ ಉಜ್ಜುವುದನ್ನಲ್ಲ. ಎರಡೂ ಕೈಯಲ್ಲಿ ಒಂದೇ ಸಮ ಒತ್ತಿದರೆ ಫೈಲು ತೂಗಾಡುತ್ತದೆ. ಜಾಬಿನ, ಅಂದರೆ ಉಜ್ಜುತ್ತಿರುವ ತುಂಡಿನ, ಅಂಚುಗಳು ಸವೆದು ನಡು ಉಬ್ಬುತ್ತದೆ. ಮೂಲೆಮಟ್ಟ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತದೆ. ಸ್ಟ್ರೋಕಿನ ಶುರುವಿನಲ್ಲಿ ಮುಂದಿನ ಕೈಗೆ, ಕೊನೆಗೆ ಹಿಡಿ ಹಿಡಿದ ಕೈಗೆ ಒತ್ತಡ ದಾಟಿಸಬೇಕೆಂದು ಅವನಿಗೆ ತಿಳಿಯುವುದು ಆಗ. 0.02 ಮಿ.ಮೀ.ವರೆಗೆ ಓದುವ ವರ್ನಿಯರ್ ಕ್ಯಾಲಿಪರನ್ನು ನಂಬಲು ಕಲಿಯುವುದೂ ಅಲ್ಲೇ.

ಇದಕ್ಕೂ ಸಿಎನ್‌ಸಿಗೂ ಏನು ಸಂಬಂಧ ಎನ್ನುತ್ತೀರಾ? 25 ಮಿ.ಮೀ. ಬರಬೇಕಾದ ವ್ಯಾಸ 25.06 ಬಂತೆನ್ನಿ. ಲೋಹ ಕತ್ತರಿಸುವ ಬಿಲ್ಲೆಯಾದ ಇನ್ಸರ್ಟಿನ ಅಂಚು ಸವೆದಿರಬಹುದು. ಎಕ್ಸ್‌ನ, ಅಂದರೆ ವ್ಯಾಸದ ದಿಕ್ಕಿನ, ವೇರ್ ಆಫ್‌ಸೆಟ್‌ನಲ್ಲಿ (ಸವೆತ ಸರಿದೂಗಿಸಲು ಯಂತ್ರಕ್ಕೆ ಕೊಡುವ ಅಂಕಿ) 0.06 ಕಳೆಯಬೇಕು. ಗುಂಡಿ ಒತ್ತಲು ಅರೆ ನಿಮಿಷ ಸಾಕು. ಅಳತೆಯ ಅಂದಾಜೇ ಇಲ್ಲದವನು 0.6 ಒತ್ತಿದರೆ ಜಾಬು ಸ್ಕ್ರ್ಯಾಪಿಗೆ. ಆ ಅಂದಾಜು ಬೆರಳಿಗೆ ಬರುವುದು ನೀವು ಬಿಡಿಸಲು ಹೊರಟಿರುವ ಪಾಠದಲ್ಲಿ.

ಎರಡನೆಯದು: ‘ಅತ್ಯಾಧುನಿಕ ಯಂತ್ರಗಳನ್ನು ಅಳವಡಿಸಬೇಕು.’

ಅಳವಡಿಸಿ ಆಗಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಟೆಕ್ನಾಲಜಿ ಹಬ್‌ಗಳಾಗಿ ಮಾಡಿ, 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಯವರೇ ಉದ್ಘಾಟಿಸಿದರು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಯಂತ್ರ ಬಂದ ಮೇಲೆ ಏನಾಗುತ್ತದೆ ಎಂಬುದೇ ಈಗಿನ ಪ್ರಶ್ನೆ. ಸಿಎನ್‌ಸಿಗೆ ತ್ರೀ ಫೇಸ್ ಕರೆಂಟು, ಬಿಸಿ ತಣಿಸುವ ಕೂಲೆಂಟು, ಲೂಬ್ ಆಯಿಲು ಬೇಕು; ಇನ್ಸರ್ಟುಗಳು ಸವೆಯುತ್ತಲೇ ಇರುತ್ತವೆ; ಕಚ್ಚಾ ಮಾಲು ದಿನವೂ ಬೇಕು. ಇದಕ್ಕೆಲ್ಲ ವರ್ಷ ವರ್ಷ ಹಣ ಬರದಿದ್ದರೆ ಒಬ್ಬ ಕೆಲಸ ಮಾಡುತ್ತಾನೆ, ಸುತ್ತ ನಿಂತ ಹತ್ತು ಜನ ನೋಡುತ್ತಾರೆ. ಕಲಿಸಬೇಕಾದ ಕಿರಿಯ ತರಬೇತಿ ಅಧಿಕಾರಿಯ ಹುದ್ದೆ ಖಾಲಿಯಿದ್ದರೆ ಯಂತ್ರಕ್ಕೆ ಹೊದಿಕೆ ಬೀಳುತ್ತದೆ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಪಳಗುತ್ತಿದ್ದಾಗ ನಮ್ಮ ಹಿರಿಯರು ಇಂಥ ಸಲಹೆಗಳ ಪಕ್ಕದಲ್ಲಿ ‘ಯಾರು? ಯಾವ ದುಡ್ಡಲ್ಲಿ?’ ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕೊಡುತ್ತಿದ್ದರು. ಉತ್ತರ ಸಿಗುವತನಕ ಪ್ರತಿ ಮುಂದೆ ಹೋಗುತ್ತಿರಲಿಲ್ಲ. ನಿಮ್ಮ ಪ್ರತಿಯ ಮೇಲೂ ಅದನ್ನೇ ಬರೆದಿದ್ದೇನೆ.

ಹತ್ತಿರದ ಸರ್ಕಾರಿ ಐಟಿಐಗೆ ಪ್ರಾಚಾರ್ಯರ ಒಪ್ಪಿಗೆ ಪಡೆದು ಹೋಗಿ. ವರ್ಕ್‌ಶಾಪಿನಲ್ಲಿ ಒಂದು ಬ್ಯಾಚಿನ ಪೂರ್ತಿ ಪ್ರಾಕ್ಟಿಕಲ್ ನಿಂತು ನೋಡಿ. ಯಾರ ಕೈಗೆ ಜಾಬು ಎಷ್ಟು ಹೊತ್ತು ಸಿಕ್ಕಿತು, ಬರೆದುಕೊಳ್ಳಿ. ಸ್ಟೋರಿನ ರಿಜಿಸ್ಟರಿನಲ್ಲಿ ಎಂಎಸ್ ಫ್ಲಾಟು, ಹ್ಯಾಕ್‌ಸಾ ಬ್ಲೇಡು, ಇನ್ಸರ್ಟು ಕೊನೆಯ ಸಲ ಯಾವಾಗ ಬಂದವೆಂದು ಕೇಳಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಹಿಂದಿನ ಬ್ಯಾಚಿನವರು ಎಷ್ಟು ಜನ, ಯಾವ ಕಾರ್ಖಾನೆಗೆ ಹೋದರೆಂಬುದನ್ನೂ ತಿಳಿದುಕೊಳ್ಳಿ. ಮೊದಲ ಎರಡು ಪುಟದ ಪೀಠಿಕೆ ತೆಗೆದು, ಆ ಜಾಗದಲ್ಲಿ ಇದನ್ನು ಬರೆದು ಕಳುಹಿಸಿ. ನಾನೇ ಓದುತ್ತೇನೆ.